ಮೈಕ್ ಮಾವನ ಅರವತ್ಮೂರು ಮಾತುಗಳು

ಶಟರ್ ಅರ್ಧ ಎತ್ತುವಷ್ಟರಲ್ಲೇ ಹೊರಗೆ ನಾಲ್ಕು ಜನ ನಿಂತಿರುತ್ತಿದ್ದರು. ಪ್ರಿಂಟಕ್ಕ ಬಗ್ಗಿ ಒಳಗೆ ನುಸುಳಿ ಮೊದಲು ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದಳು, ದೀಪ ಆಮೇಲೆ. ಅದು ಮೈಮುರಿದು ಏಳುವಷ್ಟರಲ್ಲಿ ಕಸ ಗುಡಿಸಿ, ಪ್ರಿಂಟರಿಗೆ ಕಾಗದ ತುಂಬಿ ಆಗಿರುತ್ತಿತ್ತು. ಅಪ್ಪನ ಕಾಲದಲ್ಲಿ ಅಲ್ಲಿ ಎರಡು ಟೈಪ್‌ರೈಟರುಗಳಿದ್ದವು. ಅಪ್ಪ ಹೋದ ಮೇಲೆ ಅಂಗಡಿ ಅವಳ ಪಾಲಿಗೆ ಬಂತು. ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಹೆಚ್ಚು ಮಾತಾಡುವವಳಲ್ಲ ಅವಳು. ತಲೆ ತಗ್ಗಿಸಿ ಕೆಲಸ ಮಾಡಿದರೆ ಮುಗಿಯಿತು.

ಮೊದಲೆಲ್ಲ ಪರದೆಯ ಮೂಲೆಯಲ್ಲಿ ಒಂದು ಹಳದಿ ಚೌಕ ಏಳುತ್ತಿತ್ತು. ಆ್ಯಂಟಿವೈರಸ್‌ನ ಅವಧಿ ಮುಗಿದಿದೆ ಎನ್ನುತ್ತಿತ್ತು. ನೊಣ ಓಡಿಸುವ ಹಾಗೆ ಅವಳು ಅದನ್ನು ಓಡಿಸುತ್ತಿದ್ದಳು. ಅವಧಿ ಮುಗಿಯುವ ಮುಂಚೆಯೂ ಅದರ ಕಾಟ ಕಡಿಮೆಯೇನಿರಲಿಲ್ಲ. ಪೆನ್‌ಡ್ರೈವ್ ಹಾಕಿದರೆ ಸಾಕು, ಹೆಣ್ಣು ನೋಡಲು ಬಂದ ಸೋದರತ್ತೆಯ ಹಾಗೆ ತಲೆಯಿಂದ ಕಾಲಿನವರೆಗೆ ಪರೀಕ್ಷೆಗೆ ಶುರುಮಾಡುತ್ತಿತ್ತು. ಹೊರಗೆ ನಿಂತವರು "ಅಕ್ಕಾ, ಕ್ಲಾಸಿದೆ ಅಕ್ಕಾ" ಎಂದು ಗೋಗರೆಯುತ್ತಿದ್ದರು. ಕೊನೆಗೆ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು, "ಇದು ಹಾಕ್ಕೊಳ್ಳಿ ಅಕ್ಕ. ಕಂಪನಿದೇ, ಬೀಗ ಒಡೆದಿದ್ದು. ಪುಕ್ಕಟೆ. ಸದ್ದೇ ಮಾಡಲ್ಲ" ಎಂದು ಬೇರೊಂದನ್ನು ಹಾಕಿಕೊಟ್ಟಳು.

ನಿಜವಾಗಿಯೂ ಸದ್ದು ಮಾಡಲಿಲ್ಲ. ಎಂಟು ತಿಂಗಳು ಒಂದು ಮಾತೂ ಆಡದ ಕಾವಲುಗಾರ. ಪ್ರಿಂಟಕ್ಕನಿಗೆ ಅದು ಇಷ್ಟವಾಗಿತ್ತು.

ಇತ್ತೀಚೆಗೆ ಒಂದೇ ತೊಂದರೆ. ಅಂಗಡಿಗೆ ಬರುವ ಪೆನ್‌ಡ್ರೈವುಗಳಲ್ಲಿ ಹೆಚ್ಚಿನವು ಕೆಟ್ಟೇ ಬರುತ್ತಿದ್ದವು. ತೆರೆದರೆ ಫೈಲುಗಳಿಲ್ಲ, ಬಾಣದ ಗುರುತಿನ ಒಂಟಿ ಚಿತ್ರ ಮಾತ್ರ. ಅದನ್ನು ಒತ್ತಬಾರದೆಂದು ಎಲ್ಲೋ ಕೇಳಿದ್ದಳು. "ಕೆಟ್ಟಿದೆ. ತೊಳೆದು ಕೊಡ್ಲಾ?" ಎನ್ನುತ್ತಿದ್ದಳು. ತೊಳೆಯುವುದೆಂದರೆ ಫಾರ್ಮ್ಯಾಟ್ ಮಾಡುವುದು, ಒಳಗಿದ್ದದ್ದನ್ನೆಲ್ಲ ಅಳಿಸಿ ಖಾಲಿ ಮಾಡಿಕೊಡುವುದು. ವಿದ್ಯಾರ್ಥಿಗಳು ತಲೆಯಾಡಿಸಿ, ಫೋನಿನಿಂದ ಇನ್ನೊಮ್ಮೆ ಫೈಲು ಕಳಿಸುತ್ತಿದ್ದರು. ಕ್ರಮೇಣ ಕೇಳುವುದೂ ನಿಂತುಹೋಯಿತು. ಕೆಟ್ಟದ್ದು ಕಂಡರೆ ಅವಳೇ ತೊಳೆದುಬಿಡುತ್ತಿದ್ದಳು. ಅದೊಂದು ಉಪಕಾರ ಎಂದೇ ತಿಳಿದಿದ್ದಳು.

ಮೈಕ್ ಮಾವ ಬಂದದ್ದು ಅಂಥ ಗದ್ದಲದ ಬೆಳಿಗ್ಗೆ.

ಮೈಕ್ ಮಾವನೆಂದರೆ ಇಪ್ಪತ್ತೊಂಬತ್ತು ವರ್ಷ ಬಸ್‌ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ, ಯಾರ ಚೀಲ ಯಾರಿಗೆ ಸಿಕ್ಕಿದೆ ಎಂದು ಕೂಗುತ್ತಿದ್ದವರು. ಓಣಿಯವರು ಗಡಿಯಾರ ನೋಡದೆ ಅವರ ದನಿ ಕೇಳಿ ಒಲೆ ಹಚ್ಚುತ್ತಿದ್ದರು. ಎರಡು ವರ್ಷದ ಹಿಂದೆ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಅವರ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣದ ಎರಡರಷ್ಟು ದೊಡ್ಡ ಸ್ಪೀಕರ್ ಒಂದು ಬಂತು. ಗುಂಡಿ ಒತ್ತಿದರೆ ಅವರದೇ ಹಳೆಯ ದನಿ, "ನಮಸ್ಕಾರ ಕಣಮ್ಮಾ" ಎನ್ನುತ್ತಿತ್ತು. ಮಾತು ಆ ಡಬ್ಬಿಯೊಳಗೇ ಇದೆ ಎಂದು ಪ್ರಿಂಟಕ್ಕ ತಿಳಿದಿದ್ದಳು. ಅದರ ಹೊಟ್ಟೆಯಲ್ಲಿ ಪೆನ್‌ಡ್ರೈವ್ ಸಿಕ್ಕಿಸುವ ಸಂದು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಅಂದು ಮಾವ ಗುಂಡಿ ಒತ್ತಲಿಲ್ಲ. ಕೈ ಮುಗಿದು, ಆಸ್ಪತ್ರೆಯ ಕಾಗದಗಳ ಕವರು, ಅದರ ಮೇಲೊಂದು ಪೆನ್‌ಡ್ರೈವ್, ಒಂದು ಚೀಟಿ ಇಟ್ಟರು. 'ಎಲ್ಲ ಸ್ಕ್ಯಾನ್ ಮಾಡಿ ಇದರಲ್ಲೇ ಹಾಕಮ್ಮ. ಟೀ ಕುಡಿದು ಬರ್ತೀನಿ.'

ನಲವತ್ತೆರಡು ಹಾಳೆಗಳಿದ್ದವು. ಪೆನ್‌ಡ್ರೈವ್ ಸಿಕ್ಕಿಸಿದಳು. ಬಾಣದ ಗುರುತಿನ ಒಂಟಿ ಚಿತ್ರ. "ಅಕ್ಕಾ, ನಂದು ಎರಡೇ ಪೇಜು" ಎಂದು ಯಾರೋ ಭುಜದ ಮೇಲಿಂದ ಬಗ್ಗಿದರು. ಪ್ರಿಂಟಕ್ಕನ ಬೆರಳು ಎರಡು ಸಲ ಒತ್ತಿತು. ಡ್ರೈವ್ ತೊಳೆದು ಶುಭ್ರವಾಯಿತು. ಹಾಳೆಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿದಳು. ಮುದುಕರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಚಿತ್ರಗಳನ್ನು ಬೇಕೆಂದೇ ದೊಡ್ಡದಾಗಿ ತೆಗೆದು ಡ್ರೈವಿಗೆ ಹಾಕಿದಳು.

ಮಾವ ಬಂದರು. ಡ್ರೈವ್ ತಗೊಂಡು ಹೊಸ್ತಿಲಲ್ಲೇ ನಿಂತು ಜೇಬಿನ ಡಬ್ಬಿಗೆ ಸಿಕ್ಕಿಸಿದರು. ಧನ್ಯವಾದ ಹೇಳುವುದಕ್ಕಿರಬೇಕು, ಗುಂಡಿ ಒತ್ತಿದರು. ಕೆಂಪು ದೀಪ ಮಿಣುಕಿತು. ಇನ್ನೊಮ್ಮೆ ಒತ್ತಿದರು. ಡ್ರೈವ್ ತೆಗೆದು ಊದಿ, ಅಂಗಿಗೆ ಒರೆಸಿ, ಮತ್ತೆ ಹಾಕಿ ಒತ್ತಿದರು. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದರು.

ಪ್ರಿಂಟಕ್ಕನಿಗೆ ಆಗ ಅರ್ಥವಾಯಿತು.

ಮಾವ ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. 'ನನ್ನ ಮಾತು?'

"ಅದು... ಮೊದಲೇ ಕೆಟ್ಟಿತ್ತು ಮಾವ," ಎಂದಳು. ದನಿ ಅವಳದೇ ಎನಿಸಲಿಲ್ಲ. "ನಾನು ತೆಗೆದಾಗಲೇ ಏನೂ ಇರಲಿಲ್ಲ ಅದರಲ್ಲಿ."

ಅವರು ಡ್ರೈವನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, ಪರವಾಗಿಲ್ಲ ಎನ್ನುವ ಹಾಗೆ ಕೈಯಾಡಿಸಿ, ಕೈ ಮುಗಿದು ಹೋದರು. ಕೈ ಮುಗಿದದ್ದೇ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಪ್ರಿಂಟರಿನ ರೋಲರ್ ಬದಲಿಸಲು ರಿಪೇರಿಯವರು ಬಂದರು. ಊರಿನ ಕಂಪ್ಯೂಟರುಗಳ ನಾಡಿ ಹಿಡಿಯುವ ಅವರನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು. ಬೇರೆ ಯಾರದೋ ಕಥೆ ಎಂಬಂತೆ ಅವಳು ಕೇಳಿದಳು: "ಡಾಕ್ಟ್ರೇ, ಪೆನ್‌ಡ್ರೈವಲ್ಲಿ ಬಾಣದ ಗುರುತು ಮಾತ್ರ ಕಂಡರೆ ಒಳಗಿದ್ದದ್ದು ಎಲ್ಲಿ ಹೋಗುತ್ತೆ?"

"ಎಲ್ಲೂ ಹೋಗಲ್ಲ. ಅಲ್ಲೇ ಇರುತ್ತೆ."

"ಅಲ್ಲೇ ಅಂದ್ರೆ?"

"ವೈರಸ್ಸು ಅದನ್ನ ಬಚ್ಚಿಡುತ್ತೆ ಅಷ್ಟೆ, ಮಗು ಮುಂದೆ ಪರದೆ ಎಳೆದ ಹಾಗೆ. ಬಚ್ಚಿಟ್ಟಿದ್ದನ್ನ ತೋರಿಸು ಅಂತ ಕಂಪ್ಯೂಟರಿಗೆ ಹೇಳಿದ್ರೆ ಎಲ್ಲ ಕಾಣುತ್ತೆ. ಎರಡು ನಿಮಿಷದ ಕೆಲಸ. ಗೊತ್ತಿಲ್ಲದ ದಡ್ಡರು ಖಾಲಿ ಅಂದ್ಕೊಂಡು ಫಾರ್ಮ್ಯಾಟ್ ಮಾಡಿಬಿಡ್ತಾರೆ. ಆಗ ನಿಜವಾಗ್ಲೂ ಹೋಗುತ್ತೆ."

ಡಾಕ್ಟರು ಅವಳ ಮುಖ ನೋಡಿ, ರೋಲರ್ ಕೆಳಗಿಟ್ಟು, ಕಂಪ್ಯೂಟರಿನ ಮುಂದೆ ಕೂತರು. ಐದು ನಿಮಿಷ ಏನೇನೋ ತೆರೆದು ನೋಡಿ ತಮ್ಮ ಡ್ರೈವೊಂದನ್ನು ಹಾಕಿದರು. ಕಣ್ಣೆದುರೇ ಅದರ ಫೈಲುಗಳು ಮಾಯವಾಗಿ ಬಾಣದ ಗುರುತು ಮೂಡಿತು.

"ಊರಿಗೆಲ್ಲ ರೋಗ ಹಂಚಿದ್ದು ನೀವೇ ಅಕ್ಕ," ಎಂದರು. ಬೈಗುಳವಿರಲಿಲ್ಲ ದನಿಯಲ್ಲಿ, ದಣಿವಿತ್ತು. "ಈ ಬೀಗ ಒಡೆದ ಆ್ಯಂಟಿವೈರಸ್ ಯಾರು ಕೊಟ್ಟರು? ಇದರ ಜೊತೇಲೇ ಬಂದಿದೆ ಪಿಡುಗು. ಬೇಲೀನೇ ಎದ್ದು ಹೊಲ ಮೇಯ್ದಿದೆ."

"ಮತ್ತೆ ಯಾವುದು ಹಾಕಬೇಕಿತ್ತು? ದೊಡ್ಡ ಹೆಸರಿಂದಾ?"

"ಹೆಸರು ನೋಡಿ ಯಾಕೆ? ಕಂಪ್ಯೂಟರ್ ಜೊತೇಲೇ ಒಂದು ಬಂದಿರುತ್ತೆ, ನಿಮ್ಮಂಥ ಅಂಗಡಿಗೆ ಅದೂ ನಡೆಯುತ್ತೆ. ಕೊಂಡುಕೊಂಡರೂ ಸರಿ. ತಯಾರಿಸಿದವರ ಹತ್ತಿರಾನೇ ತಗೋಬೇಕು, ಅವಧಿ ಮುಗಿದ ದಿನ ನವೀಕರಿಸಬೇಕು, ದಿನಾ ಹೊಸ ರೋಗಗಳ ಪಟ್ಟಿ ಅದಕ್ಕೆ ಸಿಗ್ತಾ ಇರಬೇಕು. ಒಂದು ಸಾಲದು ಅಂತ ಎರಡು ಹಾಕಬಾರದು, ಒಂದೇ ಒರೆಯಲ್ಲಿ ಎರಡು ಕತ್ತಿ ಕೂರಲ್ಲ. ಎಲ್ಲಕ್ಕಿಂತ ಮುಖ್ಯ, ಅದು ಪರೀಕ್ಷೆ ಮಾಡುವಾಗ ಜನ ಕಾಯಬೇಕು. ನೀವೂ ಕಾಯಬೇಕು."

ಕಂಪ್ಯೂಟರನ್ನು ಪೂರ್ತಿ ತೊಳೆದು ಹೊಸದಾಗಿ ಸಜ್ಜುಗೊಳಿಸಲು ಸಂಜೆಯಾಯಿತು. ಅಂಗಡಿಯ ಹಿಂದೆಯೇ ಮನೆ. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಪ್ರಿಂಟಕ್ಕ ಎಲ್ಲ ಹೇಳಿದಳು.

ಅಮ್ಮ ಒಂದು ರವಿಕೆ ಮಡಚಿಟ್ಟು, "ಈಗ ಹೋಗಿ ಹೇಳಿದ್ರೆ ಅವರ ದನಿ ಬರುತ್ತಾ?" ಎಂದಳು.

"ಇಲ್ಲ."

"ಮತ್ತೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನೀನೇನು ಬೇಕಂತ ಮಾಡಿದ್ಯಾ? ಈ ಅಂಗಡೀಲಿ ವೈರಸ್ ಇತ್ತು ಅಂತ ಬಾಯಿಂದ ಬಾಯಿಗೆ ಹೋದ್ರೆ ನಾಳೆ ಒಂದು ನರಪಿಳ್ಳೇನೂ ಬರಲ್ಲ. ನಿಮ್ಮಪ್ಪ ಬೆರಳು ಸವೆಸಿ ಕಟ್ಟಿದ ಅಂಗಡಿ ಕಣೆ ಇದು. ಹೋಗಿದ್ದು ಹೋಯ್ತು. ಅವರೂ ಒಪ್ಕೊಂಡು ಹೋಗಿದಾರೆ."

"ಒಪ್ಕೊಂಡಿಲ್ಲಮ್ಮ. ನನ್ನ ನಂಬಿದಾರೆ."

ಅಮ್ಮ ಮಡಚಿದ ರವಿಕೆಯನ್ನೇ ಬಿಡಿಸಿ ಮತ್ತೆ ಮಡಚಿದಳು.

ಮರುದಿನ ಮಧ್ಯಾಹ್ನ ಪ್ರಿಂಟಕ್ಕ ಮೈಕ್ ಮಾವನ ಮನೆಗೆ ಹೋದಳು. ಬಾಗಿಲು ತೆಗೆದದ್ದು ಅವರ ಮಗಳು. ಪಡಸಾಲೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳು ಗೋಡೆಗೆ ಮುಖ ಮಾಡಿ ಬಣ್ಣ ಬಳಿಯುತ್ತಿದ್ದಳು. ಕುರ್ಚಿಯಲ್ಲಿದ್ದ ಮಾವ ಅವಳನ್ನು ಕರೆಯಲು ಚಪ್ಪಾಳೆ ತಟ್ಟಿದರು. ಮಗು ತಿರುಗಲಿಲ್ಲ. ಮತ್ತೆ ತಟ್ಟಿದರು.

"ಹದಿನೇಳನೇದು ಇತ್ತಲ್ಲ, ಅದು ಇವಳನ್ನ ಕರೆಯೋದು," ಎಂದಳು ಮಗಳು, ಕುರ್ಚಿ ಎಳೆಯುತ್ತ. "ಗುಬ್ಬೀ, ಬಾ ಇಲ್ಲಿ ಅಂತ. ಅದಕ್ಕಾದ್ರೆ ಎಲ್ಲಿದ್ರೂ ಓಡಿ ಬರ್ತಿದ್ಲು. ಚಪ್ಪಾಳೆ ಇವಳಿಗೆ ಆಟ ಅನಿಸುತ್ತೆ. ಆಪರೇಷನ್ನಿಗೆ ಮುಂಚೆ ಮೂರು ದಿನ ಕೂತು ಅರವತ್ಮೂರು ಮಾತು ರೆಕಾರ್ಡ್ ಮಾಡಿದ್ವಿ. ಯಾವ ನಂಬರಿಗೆ ಯಾವ ಮಾತು ಅಂತ ಅಪ್ಪಂಗೆ ಬಾಯಿಪಾಠ... ಬೆರಳಪಾಠ ಅನ್ನಿ. ನನ್ನ ಹಳೇ ಫೋನಲ್ಲೂ ಇತ್ತು. ಅದು ನೀರಿಗೆ ಬಿತ್ತು. ಇನ್ನೊಂದು ಕಡೆ ಇಟ್ಕೋಬೇಕು ಅಂತ ದಿನಾ ಅಂದ್ಕೊಳ್ತಿದ್ದೆ."

ಪ್ರಿಂಟಕ್ಕ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಚದುರಿಹೋಗಿದ್ದವು. "ಮೊದಲೇ ಕೆಟ್ಟಿರಲಿಲ್ಲ ಮಾವ," ಎಂದಳು. "ನನ್ನ ಕಂಪ್ಯೂಟರಲ್ಲಿ ವೈರಸ್ ಇತ್ತು. ನಿಮ್ಮ ಮಾತು ಅದರಲ್ಲೇ ಇತ್ತು, ಬಚ್ಚಿಟ್ಟುಕೊಂಡಿತ್ತು. ಖಾಲಿ ಅಂದ್ಕೊಂಡು ನಾನೇ ಅಳಿಸಿದೆ. ಆಮೇಲೆ ಸುಳ್ಳು ಹೇಳಿದೆ."

ಮಗಳ ಮುಖ ಬಿಗಿಯಿತು. "ನಾಲ್ಕು ದಿನ ಸುಮ್ನಿದ್ರಾ? ಅಪ್ಪ ತಾನೇ ಬೀಳಿಸಿ ಕೆಡಿಸಿಕೊಂಡೆ ಅಂತ ನಾಲ್ಕು ದಿನದಿಂದ ತನ್ನನ್ನೇ ಬೈಕೊಳ್ತಿದಾರೆ. ಅವರು ಬೈಕೊಳ್ಳೋದೂ ಬರೆದೇ ಬೈಕೋಬೇಕು, ಗೊತ್ತಾ ನಿಮಗೆ?"

ಪ್ರಿಂಟಕ್ಕ ತಲೆ ತಗ್ಗಿಸಿದಳು. ಮಾವ ಎದ್ದರು. ಮಗಳ ಹೆಗಲ ಮೇಲೆ ಕೈಯಿಟ್ಟು ಸುಮ್ಮನಾಗಿಸಿ, ಪುಸ್ತಕ ತೆಗೆದು ಬಹಳ ಹೊತ್ತು ಬರೆದರು. ಅಷ್ಟು ಹೊತ್ತು ಬರೆದರೂ ಹಾಳೆಯಲ್ಲಿ ಉಳಿದದ್ದು ಒಂದೇ ಸಾಲು; ಮಿಕ್ಕದ್ದನ್ನು ಹೊಡೆದುಹಾಕಿದ್ದರು.

'ಬೇರೆಯವರದ್ದು ಎಷ್ಟು ಅಳಿಸಿದೀಯ?'

ಅವಳಿಗೆ ಲೆಕ್ಕ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಆ ಪ್ರಶ್ನೆಯೇ ಅವಳಿಗೆ ಹೊಳೆದಿರಲಿಲ್ಲ.

ಮಾವ ಡ್ರೈವನ್ನು ಅವಳ ಅಂಗೈಯಲ್ಲಿಟ್ಟರು. ಏನಾದರೂ ಉಳಿದಿದೆಯೇ ನೋಡುತ್ತೇನೆಂದು ಡಾಕ್ಟರು ಅದನ್ನು ಎರಡು ದಿನ ಇಟ್ಟುಕೊಂಡರು. ಅಳಿಸಿದ್ದು ತಕ್ಷಣಕ್ಕೆ ಪೂರ್ತಿ ಹೋಗುವುದಿಲ್ಲವಂತೆ, ಮೇಲೆ ಬೇರೆಯದನ್ನು ತುಂಬಿದರೆ ಹೋಗುತ್ತದಂತೆ. ತುಂಬಿದ್ದು ಅವಳೇ. ನಲವತ್ತೆರಡು ಹಾಳೆ, ದೊಡ್ಡದಾಗಿ, ಚೆನ್ನಾಗಿ ಕಾಣಲೆಂದು. ಅರವತ್ಮೂರರಲ್ಲಿ ಒಂದೂ ಉಳಿದಿರಲಿಲ್ಲ. ಸಿಕ್ಕಿದ್ದು ಆ ಪಟ್ಟಿಯಲ್ಲೇ ಇಲ್ಲದ ತುಣುಕು. ಸರಿಯಾಗಿ ಬಂದಿಲ್ಲವೆಂದು ಮಗಳು ಎಂದೋ ತೆಗೆದುಹಾಕಿದ್ದು, ಆರು ಸೆಕೆಂಡಿನದು.

ಆ ವಾರ ಅಂಗಡಿಯ ಬಾಗಿಲಿಗೆ ಒಂದು ಹಾಳೆ ಅಂಟಿತು. 'ಎಂಟು ತಿಂಗಳಿಂದ ಈ ಅಂಗಡಿಯ ಕಂಪ್ಯೂಟರಿನಲ್ಲಿ ವೈರಸ್ ಇತ್ತು. ಇಲ್ಲಿ ಹಾಕಿದ ಪೆನ್‌ಡ್ರೈವ್ ಖಾಲಿ ಕಂಡರೆ ಅಳಿಸಬೇಡಿ, ಫೈಲುಗಳು ಒಳಗೇ ಇರುತ್ತವೆ. ತನ್ನಿ, ತೆಗೆದುಕೊಡುತ್ತೇವೆ. ತಪ್ಪು ನಮ್ಮದು.' ಅಕ್ಷರ ಸಣ್ಣದಾಯಿತೆಂದು ಹೇಳಿ ಎರಡನೆಯ ಸಲ ದೊಡ್ಡದಾಗಿ ಪ್ರಿಂಟ್ ಮಾಡಿಸಿದ್ದು, ಅಂಟು ಬಳಿದು ಕೊಟ್ಟದ್ದು ಅಮ್ಮ. ಕೆಲವರು ಓದಿ ಮುಂದಿನ ಬೀದಿಯ ಅಂಗಡಿಗೆ ಹೋದರು. ಕೆಲವರು ಬಂದು ಬೈದರು. ಒಬ್ಬಳು ಮದುವೆಯ ಫೋಟೋಗಳೆಲ್ಲ ಹೋದವೆಂದು ಮೇಜಿನ ಮುಂದೆ ಅಳುತ್ತ ನಿಂತಳು. ಪ್ರಿಂಟಕ್ಕ ಅವಳಿಗೆ ಸ್ಟೂಲು ಕೊಟ್ಟಳು. ಕೊಡಲು ಅವಳ ಬಳಿ ಬೇರೇನೂ ಇರಲಿಲ್ಲ.

ಹದಿನೈದು ದಿನ ಕಳೆದು ಮೈಕ್ ಮಾವ ಮೊಮ್ಮಗಳ ಕೈ ಹಿಡಿದು ಬಂದರು. ಅವರ ಮುಂದೆ ಇಬ್ಬರಿದ್ದರು. ಪರದೆಯ ಮೇಲೆ ಪೆನ್‌ಡ್ರೈವ್ ಪರೀಕ್ಷೆಯ ಹಸಿರು ಗೆರೆ ಇರುವೆಯಂತೆ ತೆವಳುತ್ತಿತ್ತು.

"ಅಕ್ಕಾ, ಬಿಟ್ಟು ಹಾಕಿ ಅದನ್ನ. ಕ್ಲಾಸಿದೆ."

"ಮುಗೀಲಿ. ಅಲ್ಲಿವರೆಗೂ ಕಾಯಿರಿ," ಎಂದಳು. ಹಿಂದೆಲ್ಲ ಇಷ್ಟು ಹೇಳಲೂ ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ.

ಗುಬ್ಬಿ ಆಗಲೇ ಕೈ ಬಿಡಿಸಿಕೊಂಡು, ಕಾಗದದ ಕಟ್ಟುಗಳ ಮೇಲೆ ಹತ್ತಿ ಹಾಡುತ್ತ ಕುಣಿಯುತ್ತಿದ್ದಳು. ಮಾವ ಚಪ್ಪಾಳೆ ತಟ್ಟಲಿಲ್ಲ. ಜೇಬಿಗೆ ಕೈ ಹಾಕಿ ಗುಂಡಿ ಒತ್ತಿದರು. ಅವರ ಹತ್ತಿರ ಉಳಿದಿದ್ದ ಒಂದೇ ಮಾತು, ಬಸ್‌ನಿಲ್ದಾಣದ ಆ ಹಳೆಯ ತುಂಬು ದನಿ, ಅಂಗಡಿಯ ತುಂಬ ಹರಡಿತು.

"ಏ ಗುಬ್ಬಿ, ಸುಮ್ನಿರೇ. ತಾತ ಮಾತಾಡ್ತಿದಾನೆ."

ಮಗು ಇಳಿದು ಓಡಿ ಬಂದು ತಾತನ ಕಾಲು ತಬ್ಬಿಕೊಂಡಿತು. ಇನ್ನೂ ಏನೋ ಹೇಳುತ್ತಾರೆಂದು ಮುಖವೆತ್ತಿ ಕಾಯಿತು. ಸಾಲಿನಲ್ಲಿದ್ದವರೂ ಕಾದರು. ಮಾವ ಅವಳ ತಲೆ ಸವರುತ್ತ ನಿಂತರು. ಹಸಿರು ಗೆರೆ ಇನ್ನೂ ಅರ್ಧದಲ್ಲಿತ್ತು. ಕ್ಲಾಸಿದೆ ಎಂದು ಮತ್ತೆ ಯಾರೂ ಹೇಳಲಿಲ್ಲ.