ಹೋಳಿಗೆಯ ಮರುದಿನ

ಪ್ಲೇಗು ಹೋದ ಮರುವರ್ಷ ಉಗರಗೋಳದ ಬೀಗರು ಮದ್ದಿನ ಮಾತು ಎತ್ತಿದರು. ಅಂದಿನಿಂದ ಶಟ್ಟೆವ್ವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಳಿಯ ಅಮೋಘಸಿದ್ದಪ್ಪ ಮನೋಳಿಯ ಅತ್ತೆಮನೆಗೆ ಬಂದಾಗಲೆಲ್ಲ ಆಕೆ ಹೋಳಿಗೆ ಬಡಿಸುವುದು, ಆತ ಹೊಟ್ಟೆ ತುಂಬ ಉಂಡು ಮಲಗುವುದು, ಬೆಳಿಗ್ಗೆ ಏಳಲು ಹೋದರೆ ಕಾಲು ಮಾತು ಕೇಳದಿರುವುದು. ಅದಕ್ಕೂ ಮೊದಲು ಮೂರು ಸಲ ಹೀಗೇ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಎದ್ದು ಓಡಾಡುತ್ತಿದ್ದ. ಅಳಿಯನನ್ನು ಮಗಳ ಕೈವಶ ಮಾಡಲು ಅತ್ತೆ ಊಟದಲ್ಲಿ ಮದ್ದು ಹಾಕಿದಳೆಂದು ಅವನ ತಾಯಿ ಲಗಮವ್ವ ಊರೆಲ್ಲ ಸಾರಿ, ಸೊಸೆ ಪದ್ಮವ್ವನನ್ನು ತವರಿಗೆ ಅಟ್ಟಿದಳು. ಬಂದವಳು ಎರಡು ತಿಂಗಳಿಂದ ಮೂಲೆ ಹಿಡಿದಿದ್ದಳು.

ಮದ್ದಂತೆ! ಸಾರಿಗೆ ಉಪ್ಪು ಹೆಚ್ಚಾದರೆ ಅಳುವ ಹೆಂಗಸು ಶಟ್ಟೆವ್ವ.

ಕೊನೆಗೆ ಆಕೆಯೇ ಅಳಿಯನನ್ನು ಕಾಡಿಬೇಡಿ ಚಕ್ಕಡಿಯಲ್ಲಿ ಸವದತ್ತಿಯ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಅವನ ಕುತ್ತಿಗೆಯ ಬಾವು ಒತ್ತಿ ನೋಡಿದರು, ನಡುಗುವ ಬೆರಳು ನೋಡಿದರು, ಉಬ್ಬಿದ ಕಣ್ಣು ನೋಡಿದರು. ಎರಡಾಳಿನ ಊಟ ಉಂಡರೂ ಮೈ ಕರಗುತ್ತಿದೆ ಎಂಬುದನ್ನು ಕೇಳಿ ತಲೆಯಾಡಿಸಿದರು.

"ಕುತ್ತಿಗ್ಯಾಗಿನ ಗಡ್ಡಿ ಮಿತಿಮೀರಿ ಕೆಲಸ ಮಾಡಾಕ ಹತ್ತೇತಿ. ಅದಕ್ಕ ಎದಿ ಓಡತೈತಿ, ಮೈ ಸೋಲತೈತಿ. ಇಂಥಾವರು ಸಿಹಿ ಭಾಳ ಉಂಡು ಮಲಗಿದ್ರ ಕೈಕಾಲು ಬೀಳತಾವ. ಮದ್ದೂ ಅಲ್ಲ, ಮಾಟಾನೂ ಅಲ್ಲ. ಆದ್ರ ನಿಮ್ಮ ಹೋಳಿಗಿ ಬ್ಯಾಡ್ರಿ."

ಶಟ್ಟೆವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮದ್ದು ಹಾಕದಿದ್ದರೂ ಅಳಿಯನನ್ನು ಕೆಡವಿದ್ದು ತನ್ನ ಕೈಯೇ. ಬೀಗಿತಿಗೆ ಅಷ್ಟು ಸಿಕ್ಕರೆ ಸಾಕು, ಮಗಳ ಸಂಸಾರ ಮುಗಿದಂತೆ.

"ಅವ್ವಗ ನೀವ ಹೇಳ್ರಿ ಅತ್ತಿ," ಎಂದ ಅಳಿಯ. "ಮದ್ದು ತಿಂದಾವನ ಮಾತು ಅವ್ವ ನಂಬಾಂಗಿಲ್ಲ."

ಮುಚ್ಚಿಡುವ ಶಕ್ತಿಯೂ ಆಕೆಗೆ ಉಳಿದಿರಲಿಲ್ಲ. ಅಳಿಯನೊಡನೆ ಉಗರಗೋಳಕ್ಕೆ ಹೋಗಿ, ಬೀಗರ ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಒಪ್ಪಿಸಿದಳು. "ನನ್ನ ಹೋಳಿಗಿನ ಅವನ್ನ ಕೆಡವೇತ್ರಿ. ಮಗಳದೇನೂ ತಪ್ಪಿಲ್ಲ. ಬೇಕಾದ್ರ ಇನ್ನ ನಾ ಈ ಹೊಸ್ತಲಾ ತುಳಿಯಾಂಗಿಲ್ಲ."

ಬೈಗುಳಕ್ಕೆ ಕಾದಳು. ಲಗಮವ್ವ ಸೆರಗಿನ ತುದಿ ತಿರುವುತ್ತ ಕೇಳಿದಳು.

"ಹುಗ್ಗಿ ಉಂಡ್ರೂ ಹಂಗ ಆಗತೈತೇನ್ರಿ?"

"ಸಿಹಿ ಯಾವುದಾದ್ರೂ ಅಷ್ಟ ಅಂದ್ರು ಡಾಕ್ಟರು."

"ನಿಮ್ಮ ಮಗಳನ್ನ ಕಳಿಸಿದ ಮ್ಯಾಲೆ, ಸೊರಗ್ಯಾನಂತ ನಾನೂ ಬೆಲ್ಲ ಹಾಕಿ ಗೋದಿಹುಗ್ಗಿ ಮಾಡಿ ಉಣಿಸಿದ್ನಿ. ಎರಡು ಸಲ ಬಿದ್ದ, ಇದ ಮನ್ಯಾಗ. ಯಾರ ಮುಂದೂ ಹೇಳಲಿಲ್ಲ."

ಅಮೋಘಸಿದ್ದಪ್ಪ ತಲೆ ಎತ್ತಲಿಲ್ಲ. ಅವನೂ ಇದನ್ನು ಮುಚ್ಚಿಟ್ಟಿದ್ದ. ಶಟ್ಟೆವ್ವನಿಗೆ ಮೈಯೆಲ್ಲ ಉರಿದುಹೋಯಿತು, ಆದರೆ ಕೂಗಾಡಲು ತ್ರಾಣವಿರಲಿಲ್ಲ. ಗೋಡೆ ಹಿಡಿದು ಎದ್ದಳು.

"ಮಗಳನ್ನ ಕಳಿಸ್ರಿ," ಎಂದಳು ಲಗಮವ್ವ ಮೆಲ್ಲಗೆ.

"ಕಳಸತೇನ್ರಿ. ಮದ್ದಂತ ಊರೆಲ್ಲ ಸಾರಿದ್ರಿ. ಹುಗ್ಗಿದೂ ಸಾರ್ರಿ, ಅಷ್ಟೂ ಮನಿಗೂ ಹೋಗಿ. ಆಮ್ಯಾಲೆ ಕಳಸತೇನಿ."