ವಾಚಾದೋಷದ ಕಲಮು

ಅಜ್ಜಪ್ಪ ಹೆಡ್‌ಮಾಸ್ತರರು ನಾನು ತುಂಬಿದ್ದ ಫಾರ್ಮನ್ನು ತಮ್ಮಷ್ಟಕ್ಕೆ ಓದಿಕೊಂಡು ಸಹಿ ಹಾಕಬಹುದಿತ್ತು. ಹಾಗೆ ಮಾಡದೆ ಶಾಲೆಯ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಓದಿದರು.

“ಹೆಸರು, ದ್ರಾಕ್ಷಾಯಣಿ ವೀರಪ್ಪ. ವಯಸ್ಸು ಒಂಬತ್ತು. ಊರು ಗಜೇಂದ್ರಗಡ. ದೋಷ...” ಅಲ್ಲಿ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. “ನಿನ್ನ ಮಗಳಿಗೆ ದೋಷ ಐತಂತ ನೋಡಪಾ ವೀರಪ್ಪ. ಅಕ್ಕೋರ ಬರದಾರ. ಇದಕ್ಕ ಮೊದಲ ನೀ ಸಹಿ ಮಾಡಬೇಕು, ಆಮ್ಯಾಲೆ ನಾ.”

ಸಹಿಗೆಂದು ನಾನೇ ಕರೆಸಿದ್ದ ನೇಕಾರ ವೀರಪ್ಪ ನನ್ನ ಕಡೆ ತಿರುಗಿದ.

ಅದು ೧೯೫೫ನೆಯ ಇಸವಿ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಪಾಠ ಹೇಳುತ್ತಲೇ, ತೊದಲುವವರ ಮಾತು ತಿದ್ದುವ ವಿದ್ಯೆಯಲ್ಲಿ ಪದವಿಗೆ ಓದುತ್ತಿದ್ದೆ. ಮುಂಬಯಿಯ ಒಂದು ಸಂಸ್ಥೆ ಮೊದಲ ವರ್ಷ ಮನೆಯಲ್ಲೇ ಓದಲು ಬಿಟ್ಟಿತ್ತು. ವರ್ಷದ ಕೊನೆಗೆ, ಆರು ತಿಂಗಳು ಕಲಿಸಿದ ಒಂದು ಮಗುವಿನ ದಾಖಲೆಯನ್ನು ತಂದೆಯ ಮತ್ತು ಹೆಡ್‌ಮಾಸ್ತರರ ಸಹಿಯೊಂದಿಗೆ ಕಳಿಸಬೇಕು. ಅದು ಒಪ್ಪಿಗೆಯಾದರೆ ಮುಂದಿನ ವರ್ಷ ರಜೆ ಪಡೆದು ಮುಂಬಯಿಗೆ. ಇಲ್ಲದಿದ್ದರೆ ವರ್ಷ ಹೋದಂತೆ. ಕೊನೆಯ ಟಪಾಲು ಅಂದು ಸಂಜೆ ರೋಣದ ಬಸ್ಸಿಗೆ ಹೋಗುವುದಿತ್ತು.

ನಮ್ಮ ಅತ್ತೆಗೆ ಈ ಓದು ಮೊದಲಿನಿಂದ ಸೇರದು. “ಬಜಿ ತೇದು ನಾಲಿಗಿಗೆ ಹಚ್ಚಿದ್ರ ಬರೂ ಮಾತಿಗೆ ಮುಂಬೈ ಸಾಲಿ ಯಾಕವಾ?” ಎನ್ನುತ್ತಿದ್ದರು. ದ್ರಾಕ್ಷಾಯಣಿಗೂ ಅವಳ ಮನೆಯವರು ಬಜೆ ಬೇರು ತೇದು ಹಚ್ಚಿದ್ದರು. ಹಾಜರಿ ಕೂಗಿದಾಗ ಅವಳಿಗೆ ತನ್ನ ಹೆಸರಿನ ‘ದ್ರಾ’ ದಾಟುತ್ತಿರಲಿಲ್ಲ. ಗದ್ದ ಮೇಲೇರಿ, ಕಣ್ಣು ಬಿಗಿದು, ಕಡೆಗೆ ಕೈ ಮಾತ್ರ ಎತ್ತುತ್ತಿದ್ದಳು. ತರಗತಿಯೆಲ್ಲ ನಗುತ್ತಿತ್ತು. ಆರು ತಿಂಗಳು ದಿನಾ ಸಂಜೆ ಕೂಡಿಸಿಕೊಂಡು, ಉಸಿರು ಎಳೆದು, ತೊಡೆ ತಟ್ಟಿ, ಮೆಲ್ಲಗೆ ಬಿಡಿಸಿ ಹೇಳುವುದನ್ನು ಕಲಿಸಿದ್ದೆ. ಹತ್ತಕ್ಕೆ ಏಳು ಸಲ ಹೆಸರು ಬರುತ್ತಿತ್ತು.

ಫಾರ್ಮು ಮರಾಠಿಯಲ್ಲಿತ್ತು. ಆರನೆಯ ಕಲಮು ‘ವಾಚಾದೋಷ’. ಅದರ ಮುಂದೆ ಅವಳ ತೊದಲಿನ ವಿವರ ಬರೆದಿದ್ದೆ. ಮಾಸ್ತರರು ‘ವಾಚಾ’ ನುಂಗಿ ‘ದೋಷ’ ಓದಿದರು. ನಮ್ಮ ಓಣಿಯಲ್ಲಿ ಹೆಣ್ಣುಮಗುವಿಗೆ ದೋಷ ಎಂದರೆ ಒಂದೇ ಅರ್ಥ. ಕುಂಡಲಿ ಮುಂದಿಟ್ಟುಕೊಂಡು, ದನಿ ತಗ್ಗಿಸಿ ಹೇಳುವ ಮಾತು ಅದು.

“ಏನ ದೋಷ ಕಂಡ್ರಿ ಅಕ್ಕೋರ?” ವೀರಪ್ಪ ಕೇಳಿದ. “ಕಾಲ ಸೊಟ್ಟ ಅದಾವೇನ? ಕಣ್ಣ ಕಾಣೂದಿಲ್ಲೇನ?”

“ಕುಂಡಲಿ ದೋಷ ಅಲ್ರಿ ಇದು. ಮಾತಿಂದು...”

“ನಾಳೆ ಕುಷ್ಟಗಿ ಕಡಿಂದ ಹೆಣ್ಣ ಕೇಳಾಕ ಬಂದ್ರ ಈ ಹಾಳಿ ತೋರಿಸ್ಲೇನ?”

“ದಫ್ತರದಾಗ ಒಮ್ಮೆ ಬಿತ್ತಂದ್ರ ಅಳಸಾಕ ಬರೂದಿಲ್ಲ ಮತ್ತ,” ಎಂದು ಅಜ್ಜಪ್ಪ ಮಾಸ್ತರರು ಸೇರಿಸಿದರು. “ಅಕ್ಕೋರು ಡಿಗ್ರಿ ತಗೊಂಡ ಬಂದು ನಮ್ಮ ನಾಲಿಗಿನೂ ತಿದ್ದತಾರಂತ. ತಡೀರಿ, ಪಾಳಿ ಹಚ್ಚೂಣು.”

ಓಣಿಯವರು ನಕ್ಕರು. ವೀರಪ್ಪ ನಗಲಿಲ್ಲ. ನನ್ನ ಸೆರಗು ಹಿಡಿದು ನಿಂತಿದ್ದ ನಾಲ್ಕು ವರ್ಷದ ಮಗಳನ್ನು ನೋಡಿದ.

“ನಿಮ್ಮ ಮಾನಿ ಕಾಕಿಗೆ ತಾತಿ ಅಂತಾಳಲ್ರಿ. ದೋಷ ಅಲ್ಲಂದ್ರ ಆಕಿ ಹೆಸರ ಬರೀರಿ ಅಲ್ಲಿ. ನನ್ನ ಮುಂದ ಬರೀರಿ.”

ಕೈಯಲ್ಲಿ ಇನ್ನೊಂದು ಖಾಲಿ ಫಾರ್ಮಿತ್ತು. ನಾಲ್ಕು ವರ್ಷದ ಮಗು ‘ಕ’ಕ್ಕೆ ‘ತ’ ಅನ್ನುವುದು ದೋಷವಲ್ಲ, ತಾನಾಗಿ ಹೋಗುತ್ತದೆ ಎಂದು ಓದಿದ್ದೆ. ಬರೆದರೆ ಮಾನಿಗೆ ಏನೂ ಆಗುವುದಿಲ್ಲ ಎಂದೂ ಗೊತ್ತಿತ್ತು. ಮಾನವ್ವ ಎಂದು ಬರೆದೆ. ವಯಸ್ಸು ಬರೆದೆ. ಆರನೆಯ ಕಲಮಿಗೆ ಬಂದಾಗ ಪೆನ್ನು ನಿಂತಿತು. ಮಸಿ ಕಾಗದಕ್ಕಿಳಿದು ಸಾಸಿವೆಯಷ್ಟಾಯಿತು, ಬೇಳೆಯಷ್ಟಾಯಿತು. ನಾನು ಬರೆಯಲಿಲ್ಲ.

“ತಿಳೀತಲ್ರಿ,” ಎಂದ ವೀರಪ್ಪ.

ಆ ಹಾಳೆ ಹರಿದೆ. ದ್ರಾಕ್ಷಾಯಣಿಯ ಫಾರ್ಮಿನಲ್ಲಿ ಅಚ್ಚಾಗಿದ್ದ ‘ದೋಷ’ವನ್ನು ಎರಡು ಗೆರೆ ಎಳೆದು ಹೊಡೆದು, ಮೇಲೆ ‘ರೂಢಿ’ ಎಂದು ಬರೆದೆ. ಮಾತಾಡುವಾಗ ತಡವರಿಸುವ ರೂಢಿ. ರೂಢಿ ಯಾರಿಗಿಲ್ಲ? ವೀರಪ್ಪ ಅದನ್ನು ಎರಡು ಸಲ ಓದಿಸಿ ಕೇಳಿ, ಸಹಿ ಮಾಡಿ ಹೋದ. ಅಜ್ಜಪ್ಪ ಮಾಸ್ತರರು, “ರೂಢಿ! ಚಲೋ ಆತು, ಚಲೋ ಆತು,” ಎನ್ನುತ್ತ ತಾವೂ ಸಹಿ ಹಾಕಿ ಶಾಲೆಯ ಠಸ್ಸೆ ಒತ್ತಿದರು.

ಇಪ್ಪತ್ತು ದಿನಕ್ಕೆ ಫಾರ್ಮು ತಿರುಗಿ ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಮರಾಠಿ: “ರೂಢಿ? ಯಾವ ಜಾತಿಯಲ್ಲಿ? ದೋಷ ನಮೂದಿಸಿಲ್ಲ. ಮುಂದಿನ ವರ್ಷ ಹೊಸ ದಾಖಲೆ ಕಳಿಸುವುದು.” ನಾವು ಮೈಗೆ ಹತ್ತಿದ ಚಟಕ್ಕೆ ರೂಢಿ ಎನ್ನುತ್ತೇವೆ. ಮರಾಠಿಯವರಿಗೆ ಅದು ಒಂದು ಕುಲದ ಪದ್ಧತಿ.

“ನನಗ ಅವತ್ತs ಗೊತ್ತಿತ್ತು,” ಎಂದರು ಅಜ್ಜಪ್ಪ ಮಾಸ್ತರರು. “ನೀವೆಲ್ಲಿ ಕೇಳಿದ್ರಿ?”

ಮನೆಯಲ್ಲಿ ಅತ್ತೆ, “ಮುಗೀತಿಲ್ಲೋ ನಿನ್ನ ಮುಂಬೈ? ರೊಟ್ಟಿ ಬಡಿ ಬಾ,” ಎಂದರು. ಬಡಿದೆ. ಕೈ ತೊಳೆದುಕೊಂಡು, ಮಾನಿಯನ್ನು ಬಗಲಿಗೇರಿಸಿ ವೀರಪ್ಪನ ಮನೆಗೆ ಹೋದೆ. ಸಹಿಯ ದಿನದಿಂದ ಅವನು ಮಗಳನ್ನು ಸಂಜೆ ಕಳಿಸುವುದು ಬಿಟ್ಟಿದ್ದ. ಹಾಜರಿಯಲ್ಲಿ ಅವಳು ಮತ್ತೆ ಕೈ ಎತ್ತತೊಡಗಿದ್ದಳು.

ವೀರಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ತಲೆ ಎತ್ತಲಿಲ್ಲ.

“ಹಾಳಿ ತಿರುಗಿ ಬಂತಂತ?”

“ಬಂತ್ರಿ. ಒಂದ ವರ್ಷ ಹೋತು.”

“ಹೋಗ್ಲಿ ಬಿಡ್ರಿ. ಮತ್ಯಾಕ ಬಂದ್ರಿ?”

“ಮುಂದಿನ ವರ್ಷಕ್ಕ ಮತ್ತ ಆರ ತಿಂಗಳ ದಾಖಲೆ ಬೇಕ್ರಿ. ಆ ಕಲಮಿನ್ಯಾಗ ದೋಷ ಅಂತs ಬರೀಬೇಕಾಗತೈತಿ. ಬ್ಯಾಡಂದ್ರ ಆಕಿ ಹೆಸರ ಬರಿಯೂದಿಲ್ಲ, ಬ್ಯಾರೆ ಕೂಸ ಹುಡಕತೀನಿ. ಆದ್ರ ಆಕಿಗೆ ಕಲಸೂದಂತೂ ಬಿಡೂದಿಲ್ಲ.”

ಅವನು ಲಾಳಿ ಓಡಿಸಿದ. ನಾನು ಗೋಡೆಗೆ ಒರಗಿ ಕೂತೆ. ದ್ರಾಕ್ಷಾಯಣಿ ಬಂದು ಎದುರು ಕೂತು ತೊಡೆಯ ಮೇಲೆ ಅಂಗೈ ಇಟ್ಟಳು. ಉಸಿರು ಎಳೆದಳು. ತುಟಿ ಅಲುಗಿದ್ದು ಕಂಡಿತು. ಮಗ್ಗದ ಸದ್ದಿನಲ್ಲಿ ಏನೂ ಕೇಳಲಿಲ್ಲ. ಮತ್ತೊಮ್ಮೆ ಹೇಳಿದಳು. ಅದೂ ಕೇಳಲಿಲ್ಲ.

ಮಗ್ಗ ನಿಂತಿತು.

“ಲಗೂ ಮುಗಸ್ರಿ,” ಎಂದ ವೀರಪ್ಪ, ನಮ್ಮ ಕಡೆ ನೋಡದೆ. “ಬೆಳಕ ಹೊಂಟೈತಿ.”