ಎಂಬತ್ತು ಅಂಕಗಳ ಪಾಲು

ನನ್ನ ಸಮಾಜಶಾಸ್ತ್ರದ ತರಗತಿಯಲ್ಲಿ ಗುಂಪಿಗೆ ನಾಲ್ಕು ಜನ, ಗುಂಪಿಗೆ ಎಂಬತ್ತು ಅಂಕ. ಯಾರಿಗೆಷ್ಟು ಎಂದು ಅವರೇ ಕೂತು ಹಂಚಿಕೊಳ್ಳಬೇಕು, ನಾಲ್ವರೂ ಸಹಿ ಹಾಕಬೇಕು. ಒಟ್ಟು ಎಂಬತ್ತಿದೆಯೇ, ಸಹಿ ನಾಲ್ಕಿವೆಯೇ ಎಂದು ನೋಡಿದರೆ ನನ್ನ ಕೆಲಸ ಮುಗಿಯಿತು. ಇಷ್ಟು ವರ್ಷದಲ್ಲಿ ಒಂದೇ ಒಂದು ದೂರು ಬಂದಿಲ್ಲ ಎಂದು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡಿದ್ದೇನೆ.

ಈ ಸಲ 'ಮನೆಗೆಲಸ ಯಾರ ಪಾಲು?' ಎಂಬ ವರದಿಯ ಕ್ಲಿಪ್ ಕಿತ್ತುಹೋಗಿ ಪ್ರಶ್ನಾವಳಿಗಳೆಲ್ಲ ನೆಲಕ್ಕೆ ಚೆಲ್ಲಿದವು. ನಲವತ್ತು ಮನೆಯ ಉತ್ತರ, ನಲವತ್ತೂ ಒಂದೇ ಕೈಬರಹ. ಬೆಳಿಗ್ಗೆ ಲಾಂಡ್ರಿಯಲ್ಲಿ ಬಟ್ಟೆ ಮಡಚಿ ಆಮೇಲೆ ಕಾಲೇಜಿಗೆ ಬರುವ ಹುಡುಗಿಯದು. ಮನೆ ಮನೆ ಸುತ್ತಿ ಕೇಳಿ ಬರೆದವಳು ಅವಳೊಬ್ಬಳೇ. ಅಂಕದ ಹಾಳೆ ತೆಗೆದೆ. ಇಪ್ಪತ್ತೆಂಟು, ಇಪ್ಪತ್ತಾರು, ಇಪ್ಪತ್ತೆರಡು. ಅವಳಿಗೆ ನಾಲ್ಕು! ಎಂಟು ಬಾರದಿದ್ದರೆ ಅವಳು ಫೇಲು, ಫೇಲಾದರೆ ಹಾಸ್ಟೆಲಿನ ಸೀಟು ಹೋಗುತ್ತದೆ. ನನ್ನ ಮೈಯೆಲ್ಲ ಉರಿಯಿತು.

ನಾಲ್ವರನ್ನೂ ಕರೆಸಿದೆ. ಗುಂಪಿನ ನಾಯಕನಿಗೆ ಎಲ್ಲರೂ ಮೈಕ್ ಎನ್ನುತ್ತಾರೆ, ಅದು ಕೈಗೆ ಸಿಕ್ಕರೆ ಬಿಡುವವನಲ್ಲ.

"ಏನಪ್ಪಾ, ಇವಳಿಗೆ ನಾಲ್ಕು ಯಾಕೆ?"

"ಒಂದು ಮೀಟಿಂಗಿಗೂ ಬಂದಿಲ್ಲ ಮೇಡಂ. ಬರೀ ಓಡಾಡಿದಾಳೆ. ತಲೆ ಓಡಿಸಿದ್ದೆಲ್ಲ ನಾವು."

"ಮೀಟಿಂಗ್ ಎಷ್ಟೊತ್ತಿಗೆ?"

"ಬೆಳಿಗ್ಗೆ ಏಳಕ್ಕೆ."

"ಅವಳು ಲಾಂಡ್ರೀಲಿ ಇರೋ ಹೊತ್ತಿಗೆ! ದುಡಿಯೋರಿಗೆ ಬೆಲೆ ಇಲ್ಲ ಅಂತ ಇಪ್ಪತ್ತು ಪುಟ ಗೀಚಿದೀರಲ್ಲ, ನಾಚಿಕೆ ಆಗಲ್ವಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!" ಅದೇ ಸಿಟ್ಟಿನಲ್ಲಿ ಹುಡುಗಿಯ ಕಡೆ ತಿರುಗಿದೆ. "ನೀನ್ಯಾಕಮ್ಮ ಸಹಿ ಹಾಕಿದೆ? ಬಾಯಿರ್ಲಿಲ್ವಾ?"

"ಮೂರು ಜನ ಕೈ ಎತ್ತಿದ್ರು ಮೇಡಂ. ಒಂದು ಸಹಿ ಕಮ್ಮಿಯಾದ್ರೂ ನಾಲ್ಕೂ ಜನಕ್ಕೆ ಸೊನ್ನೆ ಅಂತ ನೀವೇ ಬೋರ್ಡ್ ಮೇಲೆ ಬರೆದಿದ್ರಲ್ಲ."

ಮೈಕ್ ಕಿಸಕ್ಕನೆ ನಕ್ಕ. ಕಪಾಳಕ್ಕೆ ಎರಡು ಬಾರಿಸಬೇಕು ಎನಿಸಿತು. ಯಾರ ಕಪಾಳಕ್ಕೆ ಎಂಬುದು ಅಷ್ಟು ಸ್ಪಷ್ಟವಿರಲಿಲ್ಲ.

ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದೆ. "ಈ ಗುಂಪಿಗೆ ಅಂಕ ನಾನೇ ಹಾಕ್ತೀನಿ. ಯಾರು ಎಷ್ಟು ದುಡಿದಿದೀರೋ ಅಷ್ಟು. ಹೊರಡಿ."

ಮೂವರೂ ಗೊಣಗುತ್ತ ಹೋದರು. ಹುಡುಗಿ ಮಾತ್ರ ಬಾಗಿಲಲ್ಲೇ ನಿಂತಳು. ಉಪಕಾರ ನೆನೆಯಲು ನಿಂತಿದ್ದಾಳೆ ಎಂದುಕೊಂಡೆ, ನಾನೆಂಥ ಮೂರ್ಖಳು.

"ಮೇಡಂ, ನಮ್ಮ ಲಾಂಡ್ರೀಲಿ ಒಬ್ಬಳು ಅಕ್ಕ ಇದಾಳೆ. ಮೂರು ವರ್ಷದ ಹಿಂದೆ ನಿಮ್ಮ ಕ್ಲಾಸಲ್ಲೇ ಇದ್ಲಂತೆ. ಅವಳ ಗುಂಪು ಅವಳಿಗೆ ಮೂರು ಕೊಟ್ಟಿತ್ತು. ಆಮೇಲೆ ಕಾಲೇಜು ಬಿಟ್ಲು."

ಅವಳು ಹೋದ ಮೇಲೆ ಬೀರು ತೆರೆದು ಆ ವರ್ಷದ ಕಡತ ಎಳೆದೆ. ಧೂಳು ಕೊಡವಿ ಹಾಳೆ ಹಾಳೆ ಹುಡುಕಿದೆ, ಸಿಕ್ಕಿತು. ನಾಲ್ಕು ಸಹಿ, ಒಟ್ಟು ಎಂಬತ್ತು, ಕೊನೆಯ ಹೆಸರಿನ ಎದುರು ಮೂರು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಹೀಗೆ ಬರೆದಿತ್ತು: "ಒಳ್ಳೆಯ ಒಗ್ಗಟ್ಟು. ಶಭಾಶ್!"